ತಾಯಿಗೆ ಗೊತ್ತು ತಾನೆ?

ಸೋಮವಾರ ಎದುರು ಮನೆಯ ಕೂಸನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಆಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಬೀದಿಯಲ್ಲಿ ಅದು ಮೂರನೆಯ ಮಗು. ಮೂರಕ್ಕೂ ಫ್ಲೂ. ಮೊದಲು ಮೂಗು ಸೋರುವುದು, ಮಾರನೆಯ ದಿನ ಕೆಂಡದಂಥ ಜ್ವರ, ಆಮೇಲೆ ಪಕ್ಕೆ ಸೆಳೆದುಕೊಂಡು ಉಸಿರಾಡುವುದು. ತಾಯಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಾರಿನೊಳಗೆ ಕೂರುವುದನ್ನು ಆಯಮ್ಮ ಕಿಟಕಿಯಿಂದ ನೋಡಿದಳು. ಕಂಬಳಿಯ ಸಂದಿಯಲ್ಲಿ ಕಂಡದ್ದು ಬಾಯಿ ತೆರೆದುಕೊಂಡ ಪುಟ್ಟ ಮುಖ. ಅಂಥ ಮುಖಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಇಪ್ಪತ್ತಾರು ವರ್ಷ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿ ದುಡಿದವಳು ಅವಳು. ಹಾಸಿಗೆ ಬದಲಿಸುವುದು, ವಾಂತಿ ಒರೆಸುವುದು, ಅಳುವ ತಾಯಂದಿರನ್ನು ಕೂರಿಸಿ ನೀರು ಕುಡಿಸುವುದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಬೀದಿಯವರಿಗೆಲ್ಲ ಈಗಲೂ ಆಯಮ್ಮನೇ. ಮನೆಯಲ್ಲಿ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಪುಟ್ಟಕ್ಕ, ಏಳು ತಿಂಗಳ ಮೊಮ್ಮಗ ಗುಂಡು. ಮಗ ಸಿಟಿ ಬಸ್ಸಿನ ಡ್ರೈವರ್. ಸೊಸೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ, ಕೂತರೆ ಹಾಕಿಕೊಂಡವರಿಗೆ ತಲೆನೋವು. ಹಾಗಾಗಿಯೋ ಏನೋ, ತಾನೇ ಅಳೆದು ನೋಡದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ.

ಹತ್ತಿರದ ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಫ್ಲೂ ಚುಚ್ಚುಮದ್ದು ಹಾಕುತ್ತಿದ್ದದ್ದು ಬುಧವಾರ ಮಾತ್ರ. ಆರು ತಿಂಗಳು ತುಂಬಿರಬೇಕು, ಅಷ್ಟೇ. ಗುಂಡುವಿಗೆ ಆರು ತುಂಬಿ ಆಗಲೇ ನಾಲ್ಕು ಬುಧವಾರ ಕಳೆದಿದ್ದವು. ಮೊದಲ ಬುಧವಾರವೇ ಆಯಮ್ಮ ಇಬ್ಬರು ಮಕ್ಕಳಿಗೂ ಹಾಕಿಸೋಣ ಎಂದಿದ್ದಳು.

ಮಂಗಳವಾರ ಸಂಜೆ ಊಟಕ್ಕೆ ಕೂತಾಗ ಆಯಮ್ಮ ಮತ್ತೆ ಮಾತು ತೆಗೆದಳು.

"ನಾಳೆ ಬುಧವಾರ."

"ಗೊತ್ತು ಅತ್ತೆ."

"ಎದುರು ಮನೆ ಮಗೂಗೆ ಆಕ್ಸಿಜನ್ ಇಟ್ಟಿದಾರಂತೆ."

"ಅದೂ ಗೊತ್ತು."

"ಗೊತ್ತಿದ್ದೂ ಸುಮ್ನಿದ್ರೆ ಹೇಗಮ್ಮಾ?"

ಸೊಸೆ ಚಮಚ ಕೆಳಗಿಟ್ಟಳು. "ಬೇರೆ ಎಲ್ಲಾ ಚುಚ್ಚುಮದ್ದೂ ಹಾಕ್ಸಿದೀನಿ. ಒಂದು ದಿನ ಆಚೀಚೆ ಮಾಡಿಲ್ಲ. ಹಾಕ್ಸಿದ ದಿನವೆಲ್ಲಾ ನನ್ನ ಜೀವ ನನ್ನ ಕೈಲಿರಲ್ಲ, ಆದ್ರೂ ಹಾಕ್ಸಿದೀನಿ. ಇದೊಂದು ಹಾಕ್ಸಲೇಬೇಕು ಅಂತ ಯಾರೂ ಅಂದಿಲ್ಲ. ಬೇಡ."

"ನೀನಾದ್ರೂ ಏನಾದ್ರೂ ಹೇಳೋ," ಎಂದು ಆಯಮ್ಮ ಮಗನ ಕಡೆ ತಿರುಗಿದಳು.

ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅಮ್ಮ ಹೇಳೋದೂ ಸರಿ. ಇವಳು ಹೇಳೋದೂ ಸರಿನೇ."

"ನಿನ್ನ ಬಸ್ಸು ಎರಡೂ ದಿಕ್ಕಿಗೆ ಒಟ್ಟಿಗೇ ಹೋಗುತ್ತೇನೋ?"

ಪುಟ್ಟಕ್ಕ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಸೊಸೆ ಅರ್ಧ ಊಟ ಬಿಟ್ಟೆದ್ದು ಗುಂಡುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪುಟ್ಟಕ್ಕ ಹದಿಮೂರು ತಿಂಗಳಿನವಳಾಗಿದ್ದಾಗ, ಬೇರೊಂದು ಚುಚ್ಚುಮದ್ದು ಹಾಕಿಸಿದ ಸಂಜೆ, ಜ್ವರ ಏರಿ ಫಿಟ್ಸ್ ಬಂದಿತ್ತು. ಮನೆಯಲ್ಲಿ ಸೊಸೆ ಒಬ್ಬಳೇ. ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು, ತುಟಿ ನೀಲಿಯಾಯಿತು. ಆಯಮ್ಮ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗು ಸಡಿಲಾಗಿ ಅಳುತ್ತಿತ್ತು; ತಾಯಿ ಗೋಡೆಗೊರಗಿ ಬಾಯಿ ಬಿಡದೆ ಕೂತಿದ್ದಳು. ಡಾಕ್ಟರು ನೋಡಿ, ಜ್ವರಕ್ಕೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಮಗು ಚೆನ್ನಾಗಿದೆ ಎಂದು ಕಳಿಸಿದರು. ಪುಟ್ಟಕ್ಕನಿಗೆ ಆಮೇಲೆ ಒಮ್ಮೆಯೂ ಹಾಗಾಗಿರಲಿಲ್ಲ. ಮನೆಯಲ್ಲಿ ಆ ಮಾತೂ ನಿಂತುಹೋಯಿತು. ಎಲ್ಲರೂ ಮರೆತರೆಂದೇ ಆಯಮ್ಮ ತಿಳಿದಿದ್ದಳು.

ಬುಧವಾರ ಬೆಳಿಗ್ಗೆ ಮಗ ಮೊದಲ ಪಾಳಿಗೆ ಹೋದ. ಸೊಸೆ ಪುಟ್ಟಕ್ಕನನ್ನು ಶಿಶುವಿಹಾರಕ್ಕೆ ಬಿಟ್ಟು ಅಂಗಡಿಗೆ ಹೊರಟಳು. ಹೊರಡುವಾಗ ಗುಂಡುವಿನ ಕೆನ್ನೆಗೆ ಮುತ್ತಿಟ್ಟು, "ಹನ್ನೊಂದಕ್ಕೆ ಬೇಯಿಸಿದ ಕ್ಯಾರೆಟ್ ಹಿಸುಕಿ ಕೊಡಿ ಅತ್ತೆ," ಎಂದಳು. ಹಿಂದಿನ ಸಂಜೆಯ ಸುದ್ದಿಯೇ ಇಲ್ಲ.

ಒಂಬತ್ತೂವರೆಗೆ ಎದುರು ಮನೆಯ ಅಜ್ಜ ಗೇಟಿನ ಬಳಿ ಒಬ್ಬನೇ ನಿಂತಿದ್ದ. "ಹೇಗಿದೆ ಮಗು?" ಎಂದು ಆಯಮ್ಮ ಕೇಳಿದಳು. ಅವನು ಕೈ ಅಲ್ಲಾಡಿಸಿದ. ಹಾಗೂ ಇಲ್ಲ, ಹೀಗೂ ಇಲ್ಲ ಎಂಬಂತೆ.

ಅವಳು ಒಳಗೆ ಬಂದು ಬೀರುವಿನ ಮುಂದೆ ನಿಂತಳು. ಚುಚ್ಚುಮದ್ದಿನ ಕಾರ್ಡು ಸೊಸೆಯ ಬಟ್ಟೆಗಳ ಕೆಳಗಿರುತ್ತದೆಂದು ಗೊತ್ತಿತ್ತು. ಸೊಸೆ ಈ ಮನೆಗೆ ಬಂದು ಏಳು ವರ್ಷದಲ್ಲಿ ಆಯಮ್ಮ ಆ ಅರೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿ ಕೈ ಹಾಕಿದಳು. ಮಡಿಸಿಟ್ಟ ಬಟ್ಟೆಯೊಂದು ಕೆಳಗೆ ಬಿತ್ತು. ಅದನ್ನು ಮತ್ತೆ ಮಡಿಸಿಟ್ಟು, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು. "ನಿನ್ನ ಒಳ್ಳೇದಕ್ಕೇ ಕಣೋ," ಎಂದು ಗುಂಡುವಿಗೆ ಹೇಳಿದಳು. ಗುಂಡು ತನ್ನ ಕಾಲ್ಬೆರಳನ್ನು ಬಾಯಿಗೆ ತುರುಕಿಕೊಳ್ಳುವ ಕೆಲಸದಲ್ಲಿ ಮುಳುಗಿದ್ದ.

ಕ್ಲಿನಿಕ್ಕಿನ ಪಡಸಾಲೆ ಕಿಕ್ಕಿರಿದಿತ್ತು. ಒಬ್ಬರು ಕೆಮ್ಮಿದರೆ ಉಳಿದವರೆಲ್ಲ ಮಕ್ಕಳನ್ನು ಎದೆಗೊತ್ತಿಕೊಂಡು ಆ ಕಡೆ ನೋಡುತ್ತಿದ್ದರು. ಮುಕ್ಕಾಲು ಗಂಟೆ ಕಾದ ಮೇಲೆ ಅವಳ ಸರದಿ ಬಂತು. ಒಳಗಿದ್ದ ನರ್ಸ್ ಹಿಂದೆ ವಾರ್ಡಿನಲ್ಲಿ ಜೊತೆಗಿದ್ದವಳು.

"ಅಯ್ಯೋ, ಆಯಮ್ಮಾ! ಮೊಮ್ಮಗನಾ? ಏನು ಕೊಡ್ತೀರಿ ಇವನಿಗೆ, ಕಲ್ಲುಗುಂಡಿನ ಹಾಗಿದಾನೆ!"

ತೂಕ ನೋಡಿದಳು. ಜ್ವರ ನೋಡಿದಳು. ಕಾರ್ಡು ತಿರುವಿ, ಪೆನ್ನು ಹಿಡಿದು, ತಲೆಯೆತ್ತದೆಯೇ ಕೇಳಿದಳು. "ತಾಯಿಗೆ ಗೊತ್ತು ತಾನೆ?"

ಹೂಂ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮನೆಯಿಂದ ಹೊರಡುವಾಗಲೇ ಆಯಮ್ಮ ಆ ಹೂಂ ಅನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದಳು. ಆದರೆ ಇಪ್ಪತ್ತಾರು ವರ್ಷದಲ್ಲಿ ತಾಯಿಯ ಕಣ್ಣು ತಪ್ಪಿಸಿ ಅವಳು ಯಾವ ಮಗುವಿನ ಮೈಯನ್ನೂ ಮುಟ್ಟಿರಲಿಲ್ಲ.

"ಗೊತ್ತಿಲ್ಲ ಸಿಸ್ಟರ್," ಎಂದಳು.

ನರ್ಸ್ ಪೆನ್ನು ಕೆಳಗಿಟ್ಟಳು. "ಹಾಗಿದ್ರೆ ಆಗಲ್ಲ ಆಯಮ್ಮಾ. ನಿಮಗೆ ನಾನು ಹೇಳ್ಬೇಕಾ? ಫೋನ್ ಮಾಡಿ. ಅವರು ಸರಿ ಅಂದ್ರೆ ಒಂದೇ ನಿಮಿಷದ ಕೆಲಸ."

ಆಯಮ್ಮ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಫೋನು ಕೈಯಲ್ಲೇ ಇತ್ತು. ಸೊಸೆಯ ನಂಬರು ತೆಗೆಯುವುದು, ಮತ್ತೆ ಇಡುವುದು. ಏನೆಂದು ಹೇಳುವುದು?

ಅದೇ ಹೊತ್ತಿಗೆ ಅಂಗಡಿಯಲ್ಲಿ ಸೊಸೆಗೆ ಶಿಶುವಿಹಾರದಿಂದ ಫೋನು ಬಂತು. ಟೀಚರಿಗೆ ಜ್ವರ, ಫ್ಲೂ ಇರಬಹುದು, ಬಂದು ಮಗುವನ್ನು ಕರೆದುಕೊಂಡು ಹೋಗಿ. ಅವಳು ಉಜ್ಜುವ ಯಂತ್ರ ನಿಲ್ಲಿಸಿ, ಅರ್ಧ ಉಜ್ಜಿದ ಗಾಜನ್ನು ಬಟ್ಟೆಯಲ್ಲಿ ಸುತ್ತಿಟ್ಟು ಓಡಿದಳು.

"ಟೀಚರ್ ನನ್ನ ಪಕ್ಕದಲ್ಲೇ ಮೇಜಿನ ಮೇಲೆ ತಲೆ ಇಟ್ಕೊಂಡು ಮಲ್ಗಿದ್ರು ಅಮ್ಮಾ," ಎಂದಳು ಪುಟ್ಟಕ್ಕ ದಾರಿಯಲ್ಲಿ. ಸೊಸೆಯ ಹೆಜ್ಜೆ ಬಿರುಸಾಯಿತು. ಅತ್ತೆಯ ಬಳಿ ಇವಳನ್ನು ಬಿಟ್ಟು, ಗುಂಡುವನ್ನು ಬೇರೆ ಕೋಣೆಯಲ್ಲಿ ಇಡಲು ಹೇಳಿ ವಾಪಸು ಹೋಗುವುದೆಂದು ಅವಳ ಲೆಕ್ಕಾಚಾರ. ಮನೆಗೆ ಬೀಗ ಹಾಕಿತ್ತು.

ತನ್ನ ಬೀಗದ ಕೈಯಿಂದ ತೆಗೆದು ಒಳಗೆ ಹೋದಳು. ಕ್ಯಾರೆಟ್ಟು ಹಾಗೇ ಇದೆ. ತೊಟ್ಟಿಲು ಖಾಲಿ. ಕೋಣೆಗೆ ಹೋಗಿ ಬೀರು ತೆಗೆದಳು. ಮೇಲಿನ ಬಟ್ಟೆ ತಾನು ಮಡಿಸುವ ಹಾಗೆ ಮಡಿಸಿರಲಿಲ್ಲ. ಕೆಳಗೆ ಕಾರ್ಡಿರಲಿಲ್ಲ. ಫೋನ್ ಮಾಡಿ ಕೇಳುವಂಥದ್ದೇನೂ ಉಳಿದಿರಲಿಲ್ಲ. ಪುಟ್ಟಕ್ಕನನ್ನು ಕಂಕುಳಿಗೆ ಎತ್ತಿಕೊಂಡವಳೇ ಕ್ಲಿನಿಕ್ಕಿನ ದಾರಿ ಹಿಡಿದಳು.

ಪಡಸಾಲೆಯ ಬಾಗಿಲಲ್ಲಿ ಸೊಸೆ ಕಾಣಿಸಿಕೊಂಡಾಗ ಆಯಮ್ಮ ಎದ್ದು ನಿಂತಳು. "ಚುಚ್ಚಿಸಿಲ್ಲ ಕಣಮ್ಮಾ..."

"ಕೊಡಿ ಮಗೂನ."

ಸೊಸೆ ಗುಂಡುವನ್ನು ಬೆಂಚಿನ ಮೇಲೆ ಮಲಗಿಸಿ ಚಡ್ಡಿ ಬಿಚ್ಚಿದಳು. ಎಡ ತೊಡೆ ನೋಡಿದಳು. ಬಲ ತೊಡೆ ನೋಡಿದಳು. ಮಡಿಕೆ ಮಡಿಕೆ ಬಿಡಿಸಿ, ಬೆಳಕಿಗೆ ತಿರುಗಿಸಿ, ಸೂಜಿಯ ಚುಕ್ಕೆಗಾಗಿ ಹುಡುಕಿದಳು. ಅಂಗಿ ಸರಿಸಿ ಎರಡೂ ತೋಳು ನೋಡಿದಳು. ಗುಂಡು ಇದೇನೋ ಹೊಸ ಆಟವೆಂದು ಕಾಲು ಝಾಡಿಸಿ ಕೇಕೆ ಹಾಕಿದ. ಎಲ್ಲೂ ಏನೂ ಇರಲಿಲ್ಲ.

"ಚುಚ್ಚಿಸಿಲ್ಲ ಅಂದ್ನಲ್ಲ," ಎಂದಳು ಆಯಮ್ಮ.

"ಚುಚ್ಚಿಸೋಕೇ ಬಂದಿದ್ರಿ ತಾನೆ?"

"ಹೂಂ."

"ನನ್ನ ಬೀರು ತೆಗೆದ್ರಿ."

"ತೆಗ್ದೆ. ತಪ್ಪು."

"ಏನಾದ್ರೂ ಆಗಿದ್ರೆ?" ಸೊಸೆಯ ದನಿ ಏರಿತು. "ಆಮೇಲೆ ಯಾರನ್ನ ಕೇಳ್ತಿದ್ರಿ? ನನ್ನೇ ತಾನೆ? ಅವತ್ತು ಕೇಳಿದ ಹಾಗೆ?"

"ಅವತ್ತು ಏನು ಕೇಳ್ದೆ?"

"ಪುಟ್ಟಕ್ಕಂಗೆ ಫಿಟ್ಸ್ ಬಂದ ದಿನ. ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ ಅಂದ್ರಿ. 'ಏನು ಮಾಡ್ದೆ ನನ್ನ ಮೊಮ್ಮಗಳಿಗೆ?' ಅಂತ."

ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಎದುರು ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು.

ಆಯಮ್ಮ ನೆನಪಿಸಿಕೊಳ್ಳಲು ನೋಡಿದಳು. ಬಾಗಿಲು ನೆನಪಾಯಿತು, ಅಳುವ ಮಗು ನೆನಪಾಯಿತು, ಮಾತು ನೆನಪಾಗಲಿಲ್ಲ. ಅಂಥ ಮಾತಾಡಿದ ಅತ್ತೆಯರನ್ನು ವಾರ್ಡಿನಲ್ಲಿ ಅವಳೇ ಗದರಿಸಿ ಹೊರಗೆ ಕಳಿಸಿದ್ದುಂಟು. ಬಾಣಂತಿ ಹುಡುಗಿಯ ಬೆನ್ನು ಸವರಿ, ಅವರ ಮಾತು ತಲೆಗೆ ಹಚ್ಕೋಬೇಡ ಎಂದದ್ದುಂಟು. ಅದನ್ನೇ ತಾನು ತನ್ನ ಮನೆಯಲ್ಲಿ ಅಂದಿದ್ದಳೇ? ಮೂರು ವರ್ಷ ಈ ಹುಡುಗಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತನಗೇ ಊಟ ಬಡಿಸುತ್ತಿದ್ದಳೇ?

"ನೆನಪಿಲ್ಲಮ್ಮಾ," ಎಂದಳು. "ನೆನಪಿಲ್ಲ ಅಂದ್ರೆ ಅಂದಿಲ್ಲ ಅಂತಲ್ಲ. ಅಂದಿರ್ತೀನಿ. ಕೈಕಾಲು ಬಿದ್ದುಹೋಗಿತ್ತು ನಂದು. ತಪ್ಪಾಯ್ತು. ನೀನೇನೂ ಮಾಡಿರ್ಲಿಲ್ಲ. ಅವತ್ತೇ ಹೇಳ್ಬೇಕಿತ್ತು."

ಸೊಸೆ ಗುಂಡುವಿಗೆ ಚಡ್ಡಿ ಹಾಕಿದಳು. ಮೂಗೊರೆಸಿಕೊಂಡಳು. ಹೊರಡುತ್ತಾಳೆಂದು ಆಯಮ್ಮ ಚೀಲ ಎತ್ತಿಕೊಂಡಳು. ಆದರೆ ಸೊಸೆ ಬಾಗಿಲ ಕಡೆ ಹೋಗದೆ, "ಡಾಕ್ಟ್ರು ಇದಾರಾ?" ಎಂದು ನರ್ಸನ್ನು ಕೇಳಿದಳು.

ಡಾಕ್ಟರು ವಯಸ್ಸಾದ ಹೆಂಗಸು. ಸೊಸೆ ಎಲ್ಲವನ್ನೂ ಹೇಳಿದಳು. ಎಷ್ಟು ಗಂಟೆಗೆ ಚುಚ್ಚಿದ್ದು, ಎಷ್ಟಕ್ಕೆ ಜ್ವರ ಏರಿದ್ದು, ತುಟಿ ಯಾವ ಬಣ್ಣಕ್ಕೆ ತಿರುಗಿದ್ದು. ಮೂರು ವರ್ಷದಲ್ಲಿ ಅವಳು ಅದನ್ನು ಯಾರಿಗೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಕೊನೆಗೆ ಕೇಳಿದಳು: "ಇವನಿಗೂ ಹಾಗೇ ಆಗಲ್ಲ ಅಂತ ಹೇಳ್ತೀರಾ?"

"ಹೇಳೋಕಾಗಲ್ಲ," ಎಂದರು ಡಾಕ್ಟರು. "ತೀರಾ ಕಮ್ಮಿ, ಆದ್ರೆ ಆಗೋದೇ ಇಲ್ಲ ಅಂತ ನಾನು ಬರ್ಕೊಡಲ್ಲ. ಅಕ್ಕನಿಗೆ ಫಿಟ್ಸ್ ಬಂದಿದ್ದು ಜ್ವರಕ್ಕಮ್ಮಾ. ಜ್ವರ ಸೂಜಿಯಿಂದ ಬಂದ್ರೂ ಅಷ್ಟೇ, ಫ್ಲೂನಿಂದ ಬಂದ್ರೂ ಅಷ್ಟೇ. ಸೂಜಿ ಜ್ವರ ಬಂದ್ರೂ ಸಾಮಾನ್ಯವಾಗಿ ಚಿಕ್ಕದು, ಒಂದೆರಡು ದಿನಕ್ಕೆ ಹೋಗುತ್ತೆ. ಫ್ಲೂ ಜ್ವರ ಹಾಗಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಜ್ವರಕ್ಕಿಂತ ಹೆಚ್ಚಾಗಿ ಎದೆ ಕಟ್ಟೋದು ನನಗೆ ಭಯ. ನನ್ನನ್ನ ಕೇಳಿದ್ರೆ ಇಬ್ಬರಿಗೂ ಹಾಕ್ಸಿ. ಇವನಿಗೆ ಈಗ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಾಕಿದ ತಕ್ಷಣ ರಕ್ಷಣೆ ಬರಲ್ಲ, ಎರಡು ವಾರವಾದ್ರೂ ಬೇಕು."

"ಮತ್ತೆ ಫಿಟ್ಸ್ ಬಂದ್ರೆ ಏನು ಮಾಡ್ಬೇಕು?"

ಡಾಕ್ಟರು ಮೇಜಿನ ಮೇಲಿದ್ದ ಗೊಂಬೆಯೊಂದನ್ನು ಮಗ್ಗುಲಾಗಿಸಿ ತೋರಿಸಿದರು. ಹೀಗೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಬಿಗಿಯಾಗಿ ಅದುಮಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ, ಅಷ್ಟರೊಳಗೆ ನಿಂತರೂ ಬಂದು ತೋರಿಸಿ. ಸೊಸೆ ಗೊಂಬೆಯನ್ನು ತಾನೇ ಎತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿದಳು. ಇನ್ನೊಮ್ಮೆ ತಿರುಗಿಸಿದಳು.

"ಇವನಿಗೆ ಹಾಕಿ," ಎಂದಳು. ದನಿ ಅವಳದೇ ಅನಿಸಲಿಲ್ಲ. "ಇವಳಿಗೆ ಮುಂದಿನ ಬುಧವಾರ. ಇವತ್ತು ಒಬ್ಬರನ್ನ ಕಾಯೋಷ್ಟು ಧೈರ್ಯ ಮಾತ್ರ ಇದೆ ನನ್ನ ಹತ್ರ."

ಸೂಜಿ ಚುಚ್ಚಿದಾಗ ಗುಂಡು ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಪಡಸಾಲೆಯವರೆಗೂ ಕೇಳುವಂತೆ ಚೀರಿದ. ಸೊಸೆ ಅವನನ್ನು ಎದೆಗೊತ್ತಿಕೊಂಡು, ಅತ್ತೆಯ ಮುಖ ನೋಡದೆ ಹೇಳಿದಳು: "ಇವತ್ತು ನೀವು ನನ್ನ ಪಕ್ಕ ಬಿಟ್ಟು ಏಳ್ಕೂಡದು."

ಆಯಮ್ಮ ಏಳಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ತೊಟ್ಟಿಲ ಆಚೆ ಒಬ್ಬರು ಈಚೆ ಒಬ್ಬರು. ಸೊಸೆ ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡಿದಳು. ನಾಲ್ಕು ಗಂಟೆಗೆ ನೂರು ಪಾಯಿಂಟ್ ಆರು. ಅವಳ ಮುಖ ಬಿಳಿಚಿತು. ಐದಕ್ಕೆ ನಿದ್ದೆಯಲ್ಲಿ ಗುಂಡುವಿನ ಕೈ ಥಟ್ಟನೆ ಮೇಲಕ್ಕೆ ಹಾರಿದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಅವನು ಕಣ್ಣು ಬಿಟ್ಟು, ತನ್ನನ್ನು ಹೀಗೆ ದಿಟ್ಟಿಸುತ್ತಿರುವ ಇಬ್ಬರು ಹೆಂಗಸರನ್ನು ಕಂಡು, ತುಟಿ ಮುದುರಿ ಅಳಲು ಶುರುಮಾಡಿದ. ಆರೂವರೆಗೆ ಜ್ವರ ಇಳಿಯಿತು. ಮಾರನೆಯ ದಿನ ಕ್ಯಾರೆಟ್ಟನ್ನು ಎಂದಿನಂತೆ ಅಜ್ಜಿಯ ಮುಖಕ್ಕೆ ಉಗಿದ.

ಪುಟ್ಟಕ್ಕನ ಬುಧವಾರ ಬರಲೇ ಇಲ್ಲ. ಶನಿವಾರ ಬೆಳಿಗ್ಗೆ ಎದ್ದವಳೇ ಗಂಟಲು ನೋವೆಂದು ಅತ್ತಳು. ಹತ್ತು ಗಂಟೆಗೆ ಜ್ವರ ನೂರಾ ಮೂರು. ಸೊಸೆ ಔಷಧಿ ಕುಡಿಸಿ, ರಜೆ ಹೇಳಿ, ಅವಳ ಪಕ್ಕ ಕೂತಳು. ಆಯಮ್ಮ ಗುಂಡುವನ್ನೆತ್ತಿಕೊಂಡು ಮುಂದಿನ ಕೋಣೆಯಲ್ಲಿದ್ದಳು.

ಹನ್ನೊಂದರ ಹೊತ್ತಿಗೆ ಸೊಸೆ ಕೂಗಿದಳು. "ಅತ್ತೇ!"

ಗುಂಡುವನ್ನು ತೊಟ್ಟಿಲಲ್ಲಿ ಹಾಕಿ ಆಯಮ್ಮ ಓಡಿದಳು. ಹಾಸಿಗೆಯ ಮೇಲೆ ಪುಟ್ಟಕ್ಕನ ಕಣ್ಣು ಮೇಲಕ್ಕೆ ಹೋಗಿತ್ತು. ಕೈಕಾಲು ಅದುರುತ್ತಿದ್ದವು. ಸೊಸೆ ಆಗಲೇ ಅವಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ಲು ಕೊಟ್ಟಿದ್ದಳು. ಆಯಮ್ಮ ಬಾಗಿಲಲ್ಲಿ ನಿಂತಳು. ಏನೋ ಒಂದು ಕೂಗು ಬಾಯಿಗೆ ಬಂತು. ಸೊಸೆ ತಿರುಗಿ ಅವಳ ಮುಖ ನೋಡಿದಳು.

ಆಯಮ್ಮ ಅದನ್ನು ನುಂಗಿಕೊಂಡಳು. "ಸರಿಯಾಗಿ ಹಿಡ್ದಿದೀಯ," ಎಂದಳು. "ನೀನು ಮಗೂನ ನೋಡ್ಕೋ. ಗಡಿಯಾರ ನಾನು ನೋಡ್ತೀನಿ."

ಅವಳು ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತ ಜೋರಾಗಿ ಹೇಳತೊಡಗಿದಳು. "ಅರ್ಧ ನಿಮಿಷ." "ಒಂದು ನಿಮಿಷ." ಮುಂದಿನ ಕೋಣೆಯಲ್ಲಿ ಗುಂಡು ಒಬ್ಬನೇ ಅಳುತ್ತಿದ್ದ. "ಒಂದೂವರೆ." ಆ ಮುಳ್ಳು ಅಂಟಿನಲ್ಲಿ ಸಿಕ್ಕಿಕೊಂಡ ಹಾಗೆ ತೆವಳುತ್ತಿತ್ತು. "ಎರಡು." "ಇರು, ಇರು ಪುಟ್ಟಿ, ಅಮ್ಮ ಇಲ್ಲೇ ಇದೀನಿ," ಎಂದು ಸೊಸೆ ಒಂದೇ ಸಮನೆ ಹೇಳುತ್ತಿದ್ದಳು. ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಅದುರುವುದು ನಿಧಾನವಾಯಿತು, ಆಮೇಲೆ ನಿಂತಿತು. ಪುಟ್ಟಕ್ಕ ಉದ್ದವಾಗಿ ಉಸಿರೆಳೆದಳು. ತುಟಿಗೆ ಬಣ್ಣ ಬಂತು.

ಟ್ಯಾಕ್ಸಿ ಹಿಡಿದು ಇಬ್ಬರೂ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದರು. ಫ್ಲೂ ಹೌದೆಂದು ಗೊತ್ತಾಯಿತು. ಔಷಧಿ ಕೊಟ್ಟು, ಸಂಜೆಯವರೆಗೆ ಇಟ್ಟುಕೊಂಡು ಕಳಿಸುತ್ತೇವೆ, ಹೆದರಬೇಡಿ ಎಂದರು. ಮಗ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಸಮವಸ್ತ್ರದಲ್ಲೇ ಓಡಿಬಂದ. ಮಗಳ ಕಾಲು ಹಿಡಿದುಕೊಂಡು ಕೂತವನು, ಯಾರೂ ಕೇಳದಿದ್ದರೂ, ಒಂದು ವಾರ ರಜೆ ಹಾಕಿದೀನಿ ಎಂದ.

ಹೊರಗಿನ ಕುರ್ಚಿಯಲ್ಲಿ ಸೊಸೆ ಗುಂಡುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಬುಧವಾರ ಇವಳಿಗೂ ಹಾಕ್ಸಿದ್ರೆ ಹೀಗಾಗ್ತಿರ್ಲಿಲ್ವಾ ಅತ್ತೆ?"

"ಮೂರು ದಿನಕ್ಕೆ ಅದೇನೂ ಕೆಲಸ ಮಾಡ್ತಿರ್ಲಿಲ್ಲ. ಎರಡು ವಾರ ಅಂದ್ರಲ್ಲ ಡಾಕ್ಟ್ರು."

"ನೀವು ಮೊದಲನೇ ಸಲ ಹೇಳಿದಾಗಲೇ ಹಾಕ್ಸಿದ್ರೆ?"

ಆಯಮ್ಮ ಸಮಾಧಾನಕ್ಕೊಂದು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಕಣಮ್ಮಾ," ಎಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಸೊಸೆ ಕೈ ಸರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಯಮ್ಮ ಮುಖ ತೊಳೆದು ಬರುತ್ತೇನೆಂದು ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಮೂರು ವರ್ಷದ ಹಿಂದೆ ಅಳದೇ ಉಳಿದದ್ದನ್ನೂ ಸೇರಿಸಿ ಅತ್ತಳು.

ಪುಟ್ಟಕ್ಕ ಆರನೆಯ ದಿನಕ್ಕೆ ಎದ್ದು ಓಡಾಡಿದಳು. ಗುಂಡುವಿಗೆ ಎರಡು ದಿನ ಮೂಗು ಸೋರಿತು, ಅಷ್ಟೇ. ಅವನನ್ನು ದೂರ ಇಟ್ಟದ್ದಕ್ಕೋ, ಬರೀ ಅದೃಷ್ಟವೋ, ಯಾರಿಗೂ ಹೇಳಲಾಗಲಿಲ್ಲ. ಒಂದು ಡೋಸು ಅಷ್ಟು ಬೇಗ ಕಾಪಾಡಿರಲಾರದು ಎಂದು ಡಾಕ್ಟರೇ ಹೇಳಿದರು. ಎದುರು ಮನೆಯ ಕೂಸು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಸೊರಗಿ, ಜೀವಂತವಾಗಿ ಮನೆಗೆ ಬಂತು.

ನಾಲ್ಕು ವಾರಕ್ಕೆ ಸರಿಯಾಗಿ ಎಲ್ಲರೂ ಕ್ಲಿನಿಕ್ಕಿಗೆ ಹೋದರು. ಗುಂಡುವಿಗೆ ಎರಡನೆಯದು, ಪುಟ್ಟಕ್ಕನಿಗೆ ಮೊದಲನೆಯದು. ಫ್ಲೂ ಒಂದೇ ಬಗೆಯದಲ್ಲ, ಬಂದುಹೋದವರಿಗೂ ಬೇಕು ಎಂದರು ಡಾಕ್ಟರು. ಪುಟ್ಟಕ್ಕ ಅಳುವುದಿಲ್ಲವೆಂದು ಪಂದ್ಯ ಕಟ್ಟಿ ಅತ್ತಳು. ಸೊಸೆಯ ಮುಖ ಆ ದಿನವೂ ಬಿಳಿಚಿಕೊಂಡೇ ಇತ್ತು. ಭಯ ಎಲ್ಲಿಗೂ ಹೋಗಿರಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರನ್ನೂ ಕಾದಳು. ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿತ್ತು. ಎರಡು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು, ಒಮ್ಮೆ ವಾಪಸು ಬಂದು ಇಬ್ಬರ ಹಣೆ ಮುಟ್ಟಿ ನೋಡಿ, ಹೊರಟಳು.

ಮೂರು ಗಂಟೆಗೆ ಫೋನ್ ಮಾಡಿ ಜ್ವರ ಎಷ್ಟಿದೆಯೆಂದು ಕೇಳಿದಳು. ಇಲ್ಲ ಎಂದಳು ಆಯಮ್ಮ. ಐದಕ್ಕೆ ಮತ್ತೆ ಫೋನ್ ಬಂತು. ಆಯಮ್ಮ ಥರ್ಮಾಮೀಟರ್ ಕೈಗೆತ್ತಿಕೊಂಡೇ ಮಾತಾಡಿದಳು. ಸೊಸೆ ಜ್ವರದ ವಿಷಯ ಕೇಳಲೇ ಇಲ್ಲ. ಇನ್ನೂ ನಾಲ್ಕು ಜೋಡಿ ಗಾಜು ಕೂರಿಸುವುದಿದೆ, ಬರುವುದು ಅರ್ಧ ಗಂಟೆ ತಡವಾಗುತ್ತದೆ, ತನಗೆ ಕಾಯದೆ ಊಟ ಮಾಡಿ ಎಂದು ಹೇಳಿ ಫೋನಿಟ್ಟಳು.